ನೂರಾ ಹನ್ನೆರಡು ಚೀಟಿ

ನನ್ನ ಗಂಡ ನಿಘಂಟಿನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಬರೆದವರು. ಉದ್ದುದ್ದ ಪದಗಳನ್ನೆಲ್ಲ ಲೀಲಾಜಾಲವಾಗಿ ಮುಗಿಸಿದವರಿಗೆ ಕೊನೆಗೆ ಗಂಟುಬಿದ್ದದ್ದು ‘ರನ್’ ಎಂಬ ಪುಟ್ಟ ಪದ. ‘ಓಡು’ ಎಂದು ಬರೆದು ಕೈತೊಳೆದುಕೊಳ್ಳಬಾರದೇ ಎಂದು ನಾನು ಗೇಲಿ ಮಾಡಿದ್ದೆ. ಅಷ್ಟಕ್ಕೇ ಬಿಡುವ ಆಸಾಮಿಯೇ ಅದು? ನಲ್ಲಿಯ ನೀರು ಹರಿಯುವುದಕ್ಕೂ ಅದೇ, ಮೂಗು ಸೋರುವುದಕ್ಕೂ ಅದೇ, ಅಂಗಡಿ ನಡೆಸುವುದಕ್ಕೂ, ಒಗೆದ ಬಟ್ಟೆ ಬಣ್ಣ ಬಿಡುವುದಕ್ಕೂ ಅದೇ.

“ಚುನಾವಣೆಗೆ ಅವರು ಓಡ್ತಾರೆ ಕಣೇ, ನಾವು ನಿಲ್ತೀವಿ. ತಮಾಷೆ ನೋಡು!”

“ಗೆದ್ದ ಮೇಲೆ ಇಬ್ರೂ ಕೈಗೆ ಸಿಗಲ್ಲ ಬಿಡ್ರೀ.”

ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅದು ಹೋದ ವರ್ಷದ ಮಾತು.

ಒಂದು ಅರ್ಥಕ್ಕೆ ಒಂದು ಚೀಟಿ. ಬಲಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನ ನಂಬರು, ಕೆಳಗೆ ಬರೆದವರ ಸಹಿ. ಸಹಿಯಿಲ್ಲದ ಚೀಟಿ ಅಚ್ಚಿಗೆ ಹೋಗುವುದಿಲ್ಲ. ನೂರಾ ಹನ್ನೆರಡು ಚೀಟಿಗಳಾಗಿ, ಜೋಡಿಸಿ ಸಹಿ ಹಾಕುವುದಷ್ಟೇ ಬಾಕಿ ಎನ್ನುವಾಗ ಅವರಿಗೆ ಮರೆವು ಹಿಡಿಯಿತು. ಇಡೀ ದಿನ ಮನೆಯಲ್ಲೇ ಕೂತು ಜೋಡಿಸಿ ದಾರ ಕಟ್ಟುವರು. ಬೆಳಗ್ಗೆ ಎದ್ದು ದಾರ ಬಿಚ್ಚಿ, “ಇದನ್ನ ಯಾರೂ ಮುಟ್ಟೇ ಇಲ್ವಲ್ಲ” ಎಂದು ಮತ್ತೆ ಒಂದರಿಂದ ಶುರು. ಒಂದೊಂದು ಚೀಟಿಯ ಮೇಲೂ ನಾಲ್ಕೈದು ನಂಬರು ಬಿದ್ದು, ಹೊಡೆದು, ಮೂಲೆಗಳೆಲ್ಲ ಕೆಂಪಾದವು. ‘ಸೋಪು ಮುಗಿದಿದೆ’ ಎಂದು ಅಂಗಡಿಗೆ ನಾನು ಬರೆದಿಟ್ಟ ಚೀಟಿಗೂ ನಲವತ್ತೊಂದನೇ ನಂಬರು ಸಿಕ್ಕಿತು. ಮುಗಿದುಹೋಗುವುದಕ್ಕೂ ಆ ದರಿದ್ರ ಪದವೇ ಅಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಪಾದಕರು ಫೋನ್ ಮಾಡಿದರು. “ಶುಕ್ರವಾರ ಬರ್ತೀನಮ್ಮ. ಆಗಿಲ್ಲಾಂದ್ರೆ ಬೇರೆಯವರಿಗೆ ಕೊಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ.”

ಬೇಜಾರೇ? ಆ ಪದವನ್ನೂ ಕಿತ್ತುಕೊಂಡರೆ ಈ ಮನುಷ್ಯನ ಬಳಿ ಇನ್ನೇನು ಉಳಿಯುತ್ತದೆ? ಬೆಳಗ್ಗೆ ಏಳುವುದಕ್ಕೆ ಅವರಿಗಿದ್ದ ಕಾರಣ ಅದೊಂದೇ. ಮಧ್ಯಾಹ್ನ ಅವರು ಮಲಗಿದಾಗ, ಮೊದಲ ಸಲ ಹಾಕಿದ್ದ ನಂಬರುಗಳನ್ನು ಹುಡುಕಿ ಹಿಡಿದು, ಅದೇ ಕ್ರಮದಲ್ಲಿ ಎಲ್ಲವನ್ನೂ ಹೊಸ ಚೀಟಿಗಳಿಗೆ ನಕಲು ಮಾಡತೊಡಗಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಅಕ್ಷರ ನೋಡಿ ಅಕ್ಷರ ಬರೆದೆ. ನಾಲ್ಕು ಮಧ್ಯಾಹ್ನ ಹಿಡಿಯಿತು. ಸಹಿಯೊಂದನ್ನು ಮಾತ್ರ ಅವರ ಕೈಯಿಂದಲೇ ಹಾಕಿಸೋಣವೆಂದು ಬಿಟ್ಟೆ.

ಶುಕ್ರವಾರ ಸಂಪಾದಕರು ಕಟ್ಟು ಬಿಚ್ಚಿ ನೋಡಿದರು. ಅವರ ಮುಖ ಅರಳಿತು. “ಅಚ್ಚುಕಟ್ಟಾಗಿದೆ. ಸಹಿ ಹಾಕಿಬಿಡಿ ಮೇಷ್ಟ್ರೇ, ಇವತ್ತೇ ಪ್ರೆಸ್ಸಿಗೆ ಕಳಿಸ್ತೀನಿ.” ನಾನು ಪೆನ್ನು ತೆಗೆದು ಇವರ ಕೈಗೆ ಕೊಟ್ಟೆ.

ಇವರು ಒಂದೊಂದಾಗಿ ಚೀಟಿ ಓದಿದರು. ಎಂಟು ಹತ್ತು ಓದಿದ ಮೇಲೆ ಪೆನ್ನಿನ ಮುಚ್ಚಳ ಹಾಕಿದರು.

“ಇದು ನನ್ನ ಬರಹ ಅಲ್ಲ.”

“ನಿಮ್ಮದೇ ಕಣ್ರೀ, ಹಾಕಿ,” ಎಂದೆ.

“ಬೇರೆಯವರ ಕೆಲಸಕ್ಕೆ ನಾನು ಯಾವತ್ತಾದ್ರೂ ಸಹಿ ಹಾಕಿದ್ದೀನಾ?” ಎಂದು ನನ್ನನ್ನೇ ಗದರಿದರು. ಹಾಕಿದವರಲ್ಲ. ಆ ಪ್ರಾಮಾಣಿಕತೆ ಮಾತ್ರ ಕೂದಲೆಳೆಯಷ್ಟೂ ಮಾಸಿರಲಿಲ್ಲ. ನನಗೆ ಅದರ ಮೇಲೇ ಸಿಟ್ಟು ಬಂತು.

ಅವರು ಸಂಪಾದಕರತ್ತ ತಿರುಗಿ ದನಿ ತಗ್ಗಿಸಿದರು. “ನನ್ ಕೈಲಿ ಆಗ್ತಿಲ್ಲ ಸರ್, ದಿನಾ ಕೂತ್ಕೋತೀನಿ, ಎಲ್ಲಿಗೆ ಬಂದೆ ಅಂತಾನೇ ಗೊತ್ತಾಗಲ್ಲ. ಇವಳಿಗೆ ಹೇಳಿಲ್ಲ, ಗಾಬರಿಯಾಗ್ತಾಳೆ. ಇದನ್ನ ಬರೆದ ಪುಣ್ಯಾತ್ಮರು ಯಾರೋ, ಶ್ರದ್ಧೆಯಿಂದ ಮಾಡಿದ್ದಾರೆ. ಪದ ಅವರಿಗೇ ಕೊಟ್ಬಿಡಿ.”

ನಾನು ಅಲ್ಲೇ, ಅವರ ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ಮದುವೆಯ ಹೊಸದರಲ್ಲಿ ನಾನು ಬರೆದ ಪತ್ರಗಳೆಲ್ಲ ಅವರ ಕಪಾಟಿನಲ್ಲಿವೆ. ಅದೇ ಕೈ, ಅದೇ ಅಕ್ಷರ.

ಸಂಪಾದಕರು ಚೀಟಿಯನ್ನೂ ನನ್ನನ್ನೂ ನೋಡಿದರು. ಅವರಿಗೆ ಅರ್ಥವಾಗಿತ್ತು.

“ಯಾರ ಹೆಸರು ಬರ್ಕೊಳ್ಲಿ ಅಮ್ಮಾ?” ಎಂದು ಮೆಲ್ಲಗೆ ಕೇಳಿದರು.

ಇವರೂ ತಲೆಯೆತ್ತಿ, ಉತ್ತರ ತಿಳಿಯುವ ಕುತೂಹಲದಿಂದ ನನ್ನ ಮುಖ ನೋಡಿದರು.