ಹ್ಯಾಂಬರ್ಗಿನ ರೆಕಾರ್ಡ್ ಪ್ಲೇಯರು

ಪ್ಲೇಯರಿನ ಸ್ಪ್ರಿಂಗು ಮತ್ತೆ ಹಾರಿತು. ನೋಡಿದರೆ ಅಕ್ಕಿಕಾಳಿನಷ್ಟಿಲ್ಲ, ಹಾರುವುದು ಮಾತ್ರ ಮಿಡತೆ ಹಾಗೆ. ನೆಸ್ತೋರ್ ಮೇಜಿನ ಕೆಳಗೆ ತೂರಿ, ಮೊಣಕೈ ತರಚಿಕೊಂಡು ಅದನ್ನು ಹುಡುಕಿ ತೆಗೆದ. ಏಳುವಾಗ ತಲೆಯನ್ನೂ ಚಚ್ಚಿಕೊಂಡ.

“ಅಪ್ಪ ಇದ್ದಿದ್ರೆ ನಿನಗೆ ಅದನ್ನ ಮುಟ್ಟೋಕೂ ಬಿಡ್ತಿರ್ಲಿಲ್ಲ,” ಎಂದಳು ಅಕ್ಕ ಎಡ್ನಾ, ಬಾಗಿಲಲ್ಲಿ ನಿಂತು ಬೆಳ್ಳುಳ್ಳಿ ಸುಲಿಯುತ್ತ.

“ಮುಟ್ಟೋಕೆ ಬಿಟ್ಟಿದ್ದಿದ್ರೆ ಇದು ಈ ಗತಿಗೆ ಬರ್ತಾನೂ ಇರ್ಲಿಲ್ಲ. ಹೋಗಕ್ಕ, ನಿನ್ನ ಒಲೆ ನೋಡ್ಕೋ.”

ಭಾನುವಾರ ಅಪ್ಪ ತೆಯೊದೊರೊನ ವರ್ಷದ ಪ್ರಾರ್ಥನೆ. ಇಲೊಯಿಲೊ ಊರಿನಲ್ಲಿ ಸಾವಿಗೆ ವರ್ಷ ತುಂಬಿದ ದಿನ ಎಲ್ಲರ ಮನೆಯಲ್ಲೂ ಶೋಕದ ಕಪ್ಪು ಬಟ್ಟೆ ಕಳಚಿಟ್ಟು, ಹಂದಿ ಸುಟ್ಟು ಊಟ ಹಾಕುತ್ತಾರೆ. ಈ ಮನೆಯಲ್ಲಿ ಊಟದ ಮೇಲೆ ಅಮ್ಮನ ರೆಕಾರ್ಡೂ ಹಾಡಬೇಕಿತ್ತು. ಬಂದ ಯಾವ ಅತಿಥಿಯನ್ನೂ ಅಪ್ಪ ಅದನ್ನು ಕೇಳಿಸದೆ ಕಳಿಸಿದವನಲ್ಲ. ಇಷ್ಟು ವರ್ಷ ಫ್ಯಾನು, ಅನ್ನದ ಕುಕ್ಕರು ರಿಪೇರಿ ಮಾಡಿ ಬದುಕಿದ ನೆಸ್ತೋರ್ ಅಪ್ಪನ ಯಂತ್ರವೊಂದನ್ನು ಹಾಡಿಸಲಾರದೆ ಹೋದರೆ ನೆಂಟರೆದುರು ಮುಖ ಎತ್ತುವುದು ಹೇಗೆ?

ಅಮ್ಮ ಪುರಿಂಗ್ ಹುಡುಗಿಯಾಗಿದ್ದಾಗ ಮನಿಲಾಕ್ಕೆ ಹೋಗಿ ಹಾಡಿದ ಒಂದೇ ಒಂದು ಹಾಡು ಅದು. ಮದುವೆಯಾದ ವಾರವೇ, ಅವಳ ಹಾಡು ಕೇಳುವ ಮೊದಲೇ, ನಾವಿಕನಾಗಿದ್ದ ಅಪ್ಪ ಹಡಗು ಹತ್ತಿದ. ರೆಕಾರ್ಡು ಅಂಚೆಯಲ್ಲಿ ಬಂದಾಗ ಮನೆಯಲ್ಲಿ ಅದನ್ನು ಹಾಕಲು ಯಂತ್ರವೇ ಇರಲಿಲ್ಲ. ಕೊನೆಗೆ ಅಪ್ಪನೇ ಹ್ಯಾಂಬರ್ಗಿನಿಂದ ಇದನ್ನು ಹೆಗಲ ಮೇಲೆ ಹೊತ್ತು ತಂದ. ಅದರಲ್ಲಿ ಅಮ್ಮನ ದನಿ ಹಕ್ಕಿಯ ಹಾಗೆ ಮೇಲೆ ಮೇಲೆ ಹೋಗುತ್ತಿತ್ತು. ಬೀದಿಯವರು ಬಾಯಿ ಬಿಟ್ಟುಕೊಂಡು ಕೇಳಿ, “ಈಗೊಂದ್ಸಲ ಹಾಡಿಬಿಡು ಪುರಿಂಗ್,” ಎನ್ನುವರು. ಅಮ್ಮ “ಹೆರಿಗೆ ಆದ್ಮೇಲೆ ದನಿ ಹೋಯ್ತು” ಎಂದು ಒಳಗೆ ಹೋಗಿಬಿಡುವಳು. ಇಗರ್ಜಿಯಲ್ಲೂ ಆಕೆ ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು.

ಯಂತ್ರದ ಕಥೆ ಏನು ಹೇಳಲಿ. ಒಳಗಿನ ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದರೆ ತಟ್ಟೆ ತಿರುಗಿಸುವ ರಬ್ಬರ್ ಗಾಲಿ ಕಲ್ಲಾಗಿತ್ತು. ಗಾಲಿಯನ್ನು ಉಜ್ಜಿ ಮೆತ್ತಗೆ ಮಾಡಿದರೆ ಮುಳ್ಳು ಮುರಿದಿತ್ತು. ಹೊಸ ಮುಳ್ಳು ಹಾಕಿ, ಪಕ್ಕದ ಮನೆಯ ಕುಣಿತದ ರೆಕಾರ್ಡು ತಂದು ಪರೀಕ್ಷೆಗೆ ಇಟ್ಟರೆ, ರೇಡಿಯೋದಲ್ಲಿ ಗಡಸು ದನಿಯಲ್ಲಿ ಹಾಡುವ ಗಂಡಸು ಇಲ್ಲಿ ಇಲಿಯ ಹಾಗೆ ಕೀಚುಗುಟ್ಟಿದ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ನೆಸ್ತೋರನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಚಿಕ್ಕಂದಿನಲ್ಲೂ ಈ ಯಂತ್ರದ ಮೇಲೆ ಎಲ್ಲ ಹಾಡೂ ಹೀಗೇ ಓಡುತ್ತಿದ್ದವು. ಕೇಳಿದರೆ ಅಪ್ಪ, “ಜರ್ಮನಿ ಮಾಲು ಕಣೋ, ಚುರುಕು,” ಎನ್ನುತ್ತಿದ್ದ.

ಯಂತ್ರವನ್ನು ಬೋರಲು ಹಾಕಿ ತಳದ ಚೀಟಿ ಓದಿದ. ಅಮೆರಿಕದ ಮಾಲಾದರೆ ಈ ಊರಿನ ನಾವಿಕರೆಲ್ಲ ಹುಷಾರು. ನೇರ ಪ್ಲಗ್ಗಿಗೆ ಹಾಕಿದರೆ ಹೊಗೆ ಬರುತ್ತದೆ, ಅದಕ್ಕೇ ಮನೆಮನೆಯಲ್ಲೂ ಒಂದು ಟ್ರಾನ್ಸ್‌ಫಾರ್ಮರು. ಜರ್ಮನಿಯದಕ್ಕೆ ಆ ತಾಪತ್ರಯವಿಲ್ಲ, ವೋಲ್ಟೇಜು ನಮ್ಮದೇ. ಹಾಕಿದೊಡನೆ ತಿರುಗುತ್ತದೆ. ತಿರುಗಿದ ಮೇಲೆ ಪಕ್ಕದಲ್ಲಿದ್ದ ಇನ್ನೊಂದು ಸಂಖ್ಯೆಯನ್ನು ಯಾವ ಪುಣ್ಯಾತ್ಮ ನೋಡುತ್ತಾನೆ? ಅಲ್ಲಿಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುವಂಥದ್ದು, ಇಲ್ಲಿಯದು ಅರವತ್ತು ಸಲ. ಆ ಮಿಡಿತದ ಲೆಕ್ಕಕ್ಕೇ ತಿರುಗುವ ಮೋಟಾರು ಬಂದ ದಿನದಿಂದ ಅಷ್ಟು ಜೋರಾಗಿಯೇ ಓಡುತ್ತಿತ್ತು.

ಮೋಟಾರಿನ ತುದಿಯಲ್ಲಿದ್ದ ಹಿತ್ತಾಳೆ ರಾಟೆ ತೆಳುವಾದರೆ ತಟ್ಟೆ ನಿಧಾನವಾಗುತ್ತದೆ. ಊರ ಬಾಡಿಗೆ ಗಾಡಿ ಜೀಪ್ನಿಗಳ ಗ್ಯಾರೇಜಿನ ಲೇತಿನವನು ಮೊದಲು ಮಾಡಿಕೊಟ್ಟ ರಾಟೆಗೆ ಹಾಡುಗಾರ ಎಮ್ಮೆಯ ಹಾಗೆ ಅರಚಿದ. ಎರಡನೆಯದು ಓಲಾಡಿತು. ನೆಸ್ತೋರ್ ಬೈದ, ಲೇತಿನವನೂ ಬೈದ. ಶನಿವಾರ ಮಧ್ಯಾಹ್ನ ಬಂದ ಮೂರನೆಯದು ಸರಿಯಾಗಿ ಕೂತಿತು. ಗಡಸು ದನಿಯ ಗಂಡಸು ಗಂಡಸಾದ. ನೆಸ್ತೋರ್ ಕೈ ಒರೆಸಿಕೊಂಡು ಅಮ್ಮನ ರೆಕಾರ್ಡು ಇಟ್ಟ.

ಹಕ್ಕಿಯಿಲ್ಲ. ತುಂಬಿದ, ತುಸು ಭಾರವಾದ ಹೆಣ್ಣು ದನಿಯೊಂದು ನಿಧಾನಕ್ಕೆ ಹಾಡತೊಡಗಿತು.

ಎಡ್ನಾ ಸೌಟು ಹಿಡಿದುಕೊಂಡೇ ಓಡಿ ಬಂದಳು. “ಹಾಳು ಮಾಡಿದೆಯಲ್ಲೋ!”

“ಇದೇ ಸರಿ ಕಣಕ್ಕ. ಇಷ್ಟು ದಿನ ಇದ್ದಿದ್ದೇ ತಪ್ಪು.”

“ಸರಿಯಂತೆ ಸರಿ. ಯಾವಳೋ ಮೀನು ಮಾರೋಳು ಹಾಡಿದಂಗಿದೆ. ನಾಳೆ ಅಷ್ಟು ಜನರ ಮುಂದೆ ಅಮ್ಮನ ಮಾನ ತೆಗೀತೀಯಾ? ಮೊದಲಿದ್ದದ್ದನ್ನೇ ಹಾಕು.”

ಬೆನ್ನು ನೋಯುತ್ತಿತ್ತು, ಬೆರಳು ಉರಿಯುತ್ತಿತ್ತು, ಒಂದು ಒಳ್ಳೆ ಮಾತು ಯಾರ ಬಾಯಿಂದಲೂ ಬರಲಿಲ್ಲ. “ನಿಮ್ಮ ಸಹವಾಸ ಸಾಕಪ್ಪಾ,” ಎಂದು ನೆಸ್ತೋರ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಯಾವುದಾದರೇನು, ಜನಕ್ಕೆ ಬೇಕಾದ್ದನ್ನು ಹಾಕಿ ಕೈ ತೊಳೆದುಕೊಳ್ಳೋಣ ಅನ್ನಿಸಿತು.

“ತೆಗೀಬೇಡ ತೋತೋ.” ನೆಸ್ತೋರನನ್ನು ಮುದ್ದಿನ ಹೆಸರಿಂದ ಕರೆಯುತ್ತ ಅಮ್ಮ ಒಳಬಾಗಿಲಲ್ಲಿ ನಿಂತಿದ್ದಳು. “ಇನ್ನೊಂದ್ಸಲ ಹಾಕು.”

ಹಾಕಿದ. ಅಮ್ಮ ಕೂರಲಿಲ್ಲ. ಹಾಡು ಮುಗಿದು ಮುಳ್ಳು ಕರಕರ ಅನ್ನುವವರೆಗೂ ಬಾಗಿಲು ಹಿಡಿದೇ ನಿಂತಿದ್ದಳು.

“ಇದು ನಾನು,” ಎಂದಳು. “ಆಗಿಂದ್ಲೂ ಇದು ಜೋರಾಗಿ ಓಡ್ತಿತ್ತಾ?”

“ಹೂಂ ಅಮ್ಮ. ತಂದ ದಿನದಿಂದ್ಲೂ.”

“ಎಡ್ನಾ ಕೈಗೂಸು ಆಗ. ನಿಮ್ಮಪ್ಪ ಇದನ್ನ ಹಾಕಿ, ಜೊತೆಗೆ ಹಾಡು ಅಂದ್ರು. ಹಾಡೋಕೆ ಹೋದ್ರೆ ದನಿ ಅಷ್ಟು ಮೇಲೆ ಏರಲೇ ಇಲ್ಲ, ಒಡೆದು ಹೋಯ್ತು. ಹೆರಿಗೇಲಿ ದನಿ ಹೋಗಿದೆ ಅಂದ್ಕೊಂಡೆ. ಆಮೇಲೆ ಬಾಯೇ ತೆಗೀಲಿಲ್ಲ ನಾನು.”

ಎಡ್ನಾಳ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. “ನನ್ನ ಹೆತ್ತು ದನಿ ಕಳ್ಕೊಂಡೆ ಅಂತ ಹುಟ್ಟಿದಾಗಿಂದ ಕೇಳ್ತಾ ಬಂದಿದ್ದೀನಲ್ಲಮ್ಮ,” ಎಂದಳು.

ಅಮ್ಮ ಹತ್ತಿರ ಬಂದು ಮಗಳ ಕೈಯಿಂದ ಸೌಟು ತೆಗೆದು ಮೇಜಿನ ಮೇಲಿಟ್ಟು, ಆ ಕೈಯನ್ನು ಹಿಡಿದುಕೊಂಡಳು. ಆಮೇಲೆ ಯಂತ್ರದ ಕಡೆ ನೋಡಿದಾಗ ಅವಳ ಮುಖ ಕೆಂಪಾಗಿತ್ತು. ನೆಸ್ತೋರ್ ತನ್ನ ಜನ್ಮದಲ್ಲಿ ಅಮ್ಮನಿಗೆ ಅಷ್ಟು ಸಿಟ್ಟು ಬಂದದ್ದನ್ನು ಕಂಡಿರಲಿಲ್ಲ.

“ನಾಳೆ ಹಾಕೋದಾ ಅಮ್ಮ, ಬೇಡ್ವಾ?” ಎಂದು ಕೇಳಿದ.

“ಹಾಕು. ನಿಮ್ಮಪ್ಪನ ಪಟದ ಮುಂದೇ ಇಟ್ಟು ಹಾಕು. ನಲವತ್ತೆಂಟು ವರ್ಷ ಸಂಸಾರ ಮಾಡಿದ್ರಲ್ಲೋ, ನಾನು ಹಾಡೋ ದನಿ ಒಂದ್ಸಲನೂ ಕೇಳದೆ ಹೋದ್ರು.”