ಪಂಜಾಬದ ಜೋಳ

ಹೂಲಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಡಿವಾಳೆಪ್ಪ ಮಾಸ್ತರರ ಭಾರತ ಇದ್ದದ್ದು ಹತ್ತನೇ ತರಗತಿಯ ಹಿಂದಿನ ಗೋಡೆಯ ಮೇಲೆ, ಒಂದು ಪ್ಲೈವುಡ್ ಹಲಗೆಯಲ್ಲಿ. ನಕಾಶೆಯೇನೋ ಹೌದು, ಆದರೆ ಬಣ್ಣ ಬಳಿದದ್ದಲ್ಲ. ಎಲ್ಲಿ ಏನು ಬೆಳೆಯುತ್ತದೋ ಅಲ್ಲಿ ಅದನ್ನೇ ಅಂಟಿಸಿದ್ದು. ಬಂಗಾಳಕ್ಕೆ ಅಕ್ಕಿ, ಅಸ್ಸಾಮಿಗೆ ಚಹಾಪುಡಿ, ನಮ್ಮ ಬೈಲಹೊಂಗಲಕ್ಕೆ ಒಂದು ಚಿಟಿಕೆ ಹತ್ತಿ. ಜಾರ್ಖಂಡಕ್ಕೆ ಕಲ್ಲಿದ್ದಲು ಎಲ್ಲಿಂದ ತರಬೇಕು? ಒಲೆಯ ಇದ್ದಿಲೇ ಸಾಕಾಯಿತು.

ಅಂಟಿಸಿದವಳು ಅವರ ಹೆಂಡತಿ ತಂಗೆವ್ವ. ಹೋದ ಶ್ರಾವಣದಲ್ಲಿ ಸವದತ್ತಿಯ ಮನೆಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕುಳಿತವಳು ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಮನೆ. ಅವಳ ಸೀರೆಗಳನ್ನು ರಾಮದುರ್ಗದ ತವರಿನವರು ನೆನಪಿಗೆಂದು ಒಯ್ದರು. ಅವಳ ಕೈಯಿಂದಾದದ್ದು ಅಂತ ಮಾಸ್ತರರಿಗೆ ಉಳಿದದ್ದು ಈ ಹಲಗೆಯೊಂದೇ. ಪಾಠ ಮಾಡುವಾಗ ಮಕ್ಕಳ ತಲೆಯ ಮೇಲಿಂದ ಅದನ್ನೇ ನೋಡುತ್ತಿದ್ದರು, ಪಾಪ.

ತಂಗೆವ್ವ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಆದರೆ ಅವಳ ಭೂಗೋಳ ಅವಳಿಗಿತ್ತು. ಪುಸ್ತಕದಲ್ಲಿಲ್ಲದ್ದನ್ನು ಮಕ್ಕಳು ಕೇಳಿದರೆ ಮಾಸ್ತರರು ನಾಚಿಕೆಯಿಲ್ಲದೆ, “ತಡೀರಿ, ಮನಿಯಾಗ ಕೇಳಿ ಹೇಳತೇನಿ,” ಅನ್ನುತ್ತಿದ್ದರು. ಮಾತಿಗೆ ಅಂದದ್ದಲ್ಲ, ನಿಜವಾಗಿಯೂ ಕೇಳಿ ಮರುದಿನ ಬಂದು ಉತ್ತರ ಒಪ್ಪಿಸುತ್ತಿದ್ದರು. ಮಕ್ಕಳು ಬೇಕಂತಲೇ ಅಂಥ ಪ್ರಶ್ನೆ ಕೇಳುತ್ತಿದ್ದವು.

ಹಲಗೆ ಮಾಡುವಾಗ ಗಂಡ ಹೆಂಡತಿಗೆ ಒಂದು ಜಗಳವಾಗಿತ್ತು. ಮಾಸ್ತರರು ಸಂತೆಗೆ ಹೋಗಿ ಬರುವಷ್ಟರಲ್ಲಿ ತಂಗೆವ್ವ ಪಂಜಾಬಿನ ತುಂಬ ಬಿಳಿಜೋಳ ಅಂಟಿಸಿ ಕುಳಿತಿದ್ದಳು.

“ಏ, ಏನ ಮಾಡಿದಿ ಇದು? ಪಂಜಾಬದಾಗ ಬೆಳೆಯೂದು ಗೋದಿ!”

“ಗೋದಿ ಬೆಳೀಲಿ ಬಿಡ್ರಿ, ಯಾರ ಬ್ಯಾಡ ಅಂದಾರ? ಅಷ್ಟ ದುಡಿಯೋ ಮಂದಿ, ಗಡಿ ಕಾಯೋ ಮಂದಿ. ದಿನಾ ಚಪಾತಿ ತಿಂದ್ರ ರಟ್ಟ್ಯಾಗ ಬಲ ಎಲ್ಲಿಂದ ಬರಬೇಕು? ರೊಟ್ಟಿ ತಿಂದವ ಗಟ್ಟಿ.”

“ನೋಡಿದವ್ರು ನಗತಾರ. ಎಲ್ಲಾ ಕಿತ್ತು ತಗಿ, ಗೋದಿ ಹಚ್ಚು.”

“ಬರೇ ಗೋದಿ ಹಚ್ಚಿದ್ರ ಅವ್ರು ಉಪಾಸ ಬೀಳತಾರ್ರೀ.”

“ತಂಗೆವ್ವಾ!” ಎಂದು ಮಾಸ್ತರರು ಗದರಿದರು. ಗಂಡಸಿನ ಬುದ್ಧಿ, ಗೋದಿಗೂ ಜೋಳಕ್ಕೂ ಸಿಟ್ಟು. ಅವಳು ಮುಖ ಸಣ್ಣದು ಮಾಡಿಕೊಂಡು, “ಹೂಂ, ತಗೀತೇನಿ,” ಅಂದಳು. ಮುಂಜಾನೆ ನೋಡಿದರೆ ಪಂಜಾಬಿನ ತುಂಬ ಗೋದಿ. ಮಾಸ್ತರರು ಶಾಭಾಸ್ ಅಂದರು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಈ ಸಲದ ಮಳೆಗಾಲದ ತೇವಕ್ಕೆ ಹಲಗೆಗೆ ನುಸಿ ಬಿತ್ತು. ಹೆಡ್‌ಮಿಸ್ಟ್ರೆಸ್ ಶೈಲಜಾ ಮೇಡಮ್ ಕೆಟ್ಟವರಲ್ಲ. ಕಂಡೂ ಕಾಣದಂತೆ ಒಂದಷ್ಟು ದಿನ ಸುಮ್ಮನಿದ್ದರು. ಕೊನೆಗೆ ಮಾಸ್ತರರನ್ನು ಕರೆದರು.

“ಸರ, ನುಸಿ ಬಿಸಿಊಟದ ಅಕ್ಕಿ ತನಕ ಹರಿದು ಬರಾಕ ಹತ್ಯಾವ. ಯಮನಪ್ಪಗ ಹೇಳೇನಿ, ಇವತ್ತ ಅದನ್ನ ಸುಟ್ಟ ಬಿಡತಾನ.”

“ಬಿಸಿಲಿಗೆ ಇಡತೇನ್ರಿ ಮೇಡಮ್.”

“ಬಿಸಿಲ ಎಲ್ಲೈತ್ರಿ ಸರ?”

ಅದೂ ನಿಜವೇ. ಮಾಸ್ತರರು ಹೊರಗೆ ಬಂದರೆ ಜವಾನ ಯಮನಪ್ಪ ಆಗಲೇ ಹಲಗೆ ಇಳಿಸಿ ಅಂಗಳದಲ್ಲಿ ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದ. ತಂಗೆವ್ವನನ್ನು ಒಮ್ಮೆ ಸುಟ್ಟು ಬಂದದ್ದು ಸಾಲದೇನು ಎಂದು ಮಾಸ್ತರರಿಗೆ ಅನ್ನಿಸಿತೋ ಏನೋ, ಅವಳನ್ನು ಸುಟ್ಟಿರಲಿಲ್ಲ, ತಾವೇ ಕೈಯಾರೆ ಮಣ್ಣಿಗಿಟ್ಟಿದ್ದೆವು ಎಂಬುದೂ ಆ ಗಳಿಗೆಯಲ್ಲಿ ಮರೆತುಹೋಯಿತು.

“ಯಮನಪ್ಪಾ, ಕೈ ಮುಗಿತೇನಿ ನಿನಗ. ಟಂಟಂನ್ಯಾಗ ಹಾಕ ಅದನ್ನ.”

ಯಮನಪ್ಪ ಹಗ್ಗ ತಂದು ಹಲಗೆಯನ್ನು ಟಂಟಂ ರಿಕ್ಷಾಕ್ಕೆ ಏರಿಸಿದ. ಹೂಲಿಯಿಂದ ಸವದತ್ತಿಯ ತನಕ ಮಾಸ್ತರರು ಹಿಂದಿನ ಸೀಟಿನಲ್ಲಿ ಹಲಗೆಯನ್ನು ಅಪ್ಪಿಕೊಂಡೇ ಕುಳಿತರು. ರಸ್ತೆಯೋ, ದೇವರಿಗೇ ಪ್ರೀತಿ. ಒಂದೊಂದು ತಗ್ಗಿಗೆ ಒಂದೊಂದು ರಾಜ್ಯ ಉದುರಿತು. ಬಂಗಾಳದ ಅಕ್ಕಿ ಹಿಟ್ಟಾಗಿ ಅಂಗಿಯ ಮೇಲೆ ಸುರಿಯಿತು. ಪಂಜಾಬಿನ ಗೋದಿಯನ್ನು ನುಸಿ ಟೊಳ್ಳು ಮಾಡಿತ್ತು, ಅದು ಹೊಟ್ಟಾಗಿ ಹಾರಿತು.

ಪಡಸಾಲೆಯಲ್ಲಿ ಹಲಗೆಯನ್ನು ಗೋಡೆಗೆ ಆನಿಸಿಟ್ಟು, ಉಳಿದ ಹೊಟ್ಟನ್ನು ಪಂಜೆಯಿಂದ ಮೆಲ್ಲಗೆ ಒರೆಸಿದರು. ಒರೆಸುತ್ತ ಒರೆಸುತ್ತ ಕೈ ನಿಂತಿತು.

ಗೋದಿಯ ಕೆಳಗೆ ಜೋಳವಿತ್ತು.

ಒಂದು ಕಾಳೂ ಕಿತ್ತಿರಲಿಲ್ಲ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತಾನೇ ಕಾಸಿದ ಮೈದಾ ಅಂಟು ಬಳಿದು, ಕಾಳಿಗೆ ಕಾಳು ತಾಗಿಸಿ ಜೋಡಿಸಿದ ಬಿಳಿಜೋಳ. ಕಹಿಗೆ ನುಸಿ ಅದರ ಹತ್ತಿರ ಸುಳಿದಿರಲಿಲ್ಲ. ಗಂಡನ ಸಮಾಧಾನಕ್ಕೆಂದು ಅದರ ಮೇಲೆ ರಾತ್ರೋರಾತ್ರಿ, ಬೇವಿಲ್ಲದ ಅಂಟಿನಲ್ಲಿ, ಒಂದು ಪದರ ಗೋದಿ ಹೊದಿಸಿದ್ದಳು, ಅಷ್ಟೇ. ಗಂಡನೂ ಸಿಟ್ಟಾಗಬಾರದು, ಪಂಜಾಬಿನವರೂ ಉಪವಾಸ ಬೀಳಬಾರದು.

“ಅಬ್ಬಬ್ಬಾ, ಎಂಥಾ ಕಳ್ಳಿ!” ಎಂದು ಮಾಸ್ತರರು ಗಟ್ಟಿಯಾಗಿ ನಕ್ಕರು. ಅಡುಗೆಮನೆಯ ಕಡೆ ತಿರುಗಿಯೇ ಅಂದದ್ದು. ಅಲ್ಲಿಂದ ಉತ್ತರ ಬರಲಿಲ್ಲ. ನಗು ಅರ್ಧಕ್ಕೆ ನಿಂತು ಅಳುವಾಯಿತು. ಅವಳ ಮಣ್ಣಿನ ದಿನವೂ ಮಂದಿಯ ಮುಂದೆ ಗಟ್ಟಿಯಾಗಿದ್ದ ಮನುಷ್ಯ, ಹಲಗೆಗೆ ಹಣೆ ಹಚ್ಚಿ ಹಸುಗೂಸಿನಂತೆ ಅತ್ತರು. ಆಮೇಲೆ ರೊಟ್ಟಿ ಕೇಂದ್ರದಿಂದ ತಂದಿದ್ದ ಖಡಕ್ ರೊಟ್ಟಿಯನ್ನು ಮುರಿದು, ಒಬ್ಬರೇ ಕುಳಿತು ತಿಂದರು. ಇಡೀ ಪಂಜಾಬಿಗೆ ರೊಟ್ಟಿ ಇಟ್ಟು ಹೋದವಳು ತಮಗೆ ಮಾತ್ರ ಇಡಲಿಲ್ಲ ಎಂದು ಹೊಟ್ಟೆ ಉರಿಯಿತು.

ಮರುದಿನ ತರಗತಿಯಲ್ಲಿ ಗೋಡೆ ಬೋಳಾಗಿತ್ತು. ಪಾಠ ಬೆಳೆಗಳದ್ದೇ.

“ಪಂಜಾಬದ ಮುಖ್ಯ ಬೆಳಿ ಯಾವುದು?”

“ಗೋದಿ ರೀ ಸರ!” ಎಂದು ತರಗತಿ ಕೂಗಿತು.

ಮಾಸ್ತರರು ಹಿಂದಿನ ಬೋಳು ಗೋಡೆಯ ಕಡೆ ನೋಡಿದರು. “ಪರೀಕ್ಷಾದಾಗ ಹಂಗ ಬರೀರಿ,” ಅಂದರು.

ಮುಂದಿನ ಬೆಂಚಿನ ಸ್ನೇಹಲ್ ಚುರುಕು ಹುಡುಗಿ. “ಮತ್ತ ಖರೇ ಅಂದ್ರ ಅಲ್ಲಿ ಮಂದಿ ಏನ ಉಣತಾರ್ರಿ ಸರ?”

“ತಡಿ, ಮನಿಯಾಗ ಕೇಳಿ ಹೇಳತೇನಿ.”

ಹಳೆಯ ರೂಢಿ, ಬಾಯಿ ತಪ್ಪಿ ಬಂದುಬಿಟ್ಟಿತು. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಮಾಸ್ತರರ ಖಡು ನಿಂತಲ್ಲೇ ನಿಂತಿತು. ಆ ಮಕ್ಕಳೆಲ್ಲ ತಂಗೆವ್ವನ ಮಣ್ಣಿಗೆ ಬಂದು ಒಂದೊಂದು ಹಿಡಿ ಮಣ್ಣು ಹಾಕಿ ಹೋದವರು. ಯಾರೂ ನಗಲಿಲ್ಲ.

ಸ್ನೇಹಲ್ ತಲೆ ತಗ್ಗಿಸಿ, “ಹೂಂ ರೀ ಸರ. ಕೇಳಿಕೊಂಡ ಬರ್ರಿ,” ಅಂದಳು.