ಬಲಗಾಲಿಯ ಗುಂಗು

ನಾನೊಂದು ವ್ಯಾನು. ಬಿಳಿ ಬಣ್ಣದ, ಮೂಗಿಲ್ಲದ, ಡಬ್ಬಿಯಂಥ ಮೈಯ ವ್ಯಾನು. ನನ್ನ ಜಾತಿಯ ಗಾಡಿಗಳಲ್ಲಿ ಎಂಜಿನ್ನು ಡ್ರೈವರನ ಸೀಟಿನ ಕೆಳಗೇ ಇರುತ್ತದೆ, ಮುಂದಿನ ಗಾಲಿಗಳೂ ಅಲ್ಲೇ. ಹಾಗಾಗಿ ನನ್ನನ್ನು ಓಡಿಸಿದವರ ಮುಖ ನನಗೆ ಕನ್ನಡಿಯಲ್ಲಿ ಅಷ್ಟಿಷ್ಟು ಕಂಡರೂ, ಅವರ ಮೈಭಾರ ಮತ್ತು ಕಾಲಿನ ನಡುಕ ಚೆನ್ನಾಗಿ ಗೊತ್ತು.

ದೂರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತಿ, ಬೆಸೆದು, ಬಣ್ಣದ ಹೊಂಡದಲ್ಲಿ ಮುಳುಗಿಸಿ ನನ್ನನ್ನು ಮಾಡಿದರು. ಒಂದೊಂದು ಗಾಲಿಯ ನಡುವೆಯೂ ಉಕ್ಕಿನ ಗುಂಡುಗಳನ್ನು ತುಂಬಿದ ಬಳೆಯೊಂದನ್ನು ಕೂಡಿಸಿ, ಒಳಗೆ ಗ್ರೀಸು ಮೆತ್ತಿದರು. ಅದೇ ಬೇರಿಂಗು. ಗಾಲಿ ಎಷ್ಟು ತಿರುಗಿದರೂ ಸದ್ದಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಲಾರಿಯ ಬೆನ್ನೇರಿ ನಾನು ಗದಗಿಗೆ ಬಂದಿಳಿದೆ. ಮೊದಲು ನನ್ನನ್ನು ಕೊಂಡವನು ಒಬ್ಬ ಬೇಕರಿಯವನು. ಕೆಲವು ವರ್ಷ ನನ್ನ ಹೊಟ್ಟೆಯಲ್ಲಿ ಬಿಸಿ ಬ್ರೆಡ್ಡಿನ ಪರಿಮಳವೇ ತುಂಬಿತ್ತು. ಆಮೇಲೆ ಶಾಮಿಯಾನದವರ ಕೈಗೆ ಹೋದೆ. ಅವರು ಕಬ್ಬಿಣದ ಕಂಬ, ಕೊಪ್ಪರಿಗೆ, ಕುರ್ಚಿ ಎಲ್ಲವನ್ನೂ ನನ್ನ ಮೇಲೆ ಎಸೆದರು. ನನ್ನ ಬೆನ್ನು ತಗ್ಗಿತು, ಬಾಗಿಲು ಸೊಟ್ಟಗಾಯಿತು. ಆ ಸ್ಥಿತಿಯಲ್ಲಿ ಬೆಟಗೇರಿಯ ನೀಲಕಂಠಪ್ಪ ನನ್ನನ್ನು ಮನೆಗೆ ಕರೆದೊಯ್ದ.

ನೀಲಕಂಠಪ್ಪ ನೇಕಾರ. ಮೀಸೆ ಮೂಡುವ ವಯಸ್ಸಿನಿಂದ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿದವನು. ಅವನ ಹೆಂಡತಿ ಬನವ್ವ ಅದೇ ಶೆಡ್ಡಿನ ಮೂಲೆಯಲ್ಲಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮಗ್ಗಗಳ ಅಬ್ಬರದಲ್ಲಿ ಅಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಎಲ್ಲರೂ ತುಟಿ ನೋಡಿ ಮಾತಾಡಿಕೊಳ್ಳುತ್ತಿದ್ದರು. ಶೆಡ್ಡು ಮುಚ್ಚಿದ ಮೇಲೆ ನೀಲಕಂಠಪ್ಪ ಡ್ರೈವಿಂಗ್ ಕಲಿತ. ನನ್ನ ಸೊಟ್ಟ ಬಾಗಿಲು ತಿದ್ದಿಸಿ, ಹಿಂದೆ ಎರಡು ಬೆಂಚು ಹಾಕಿಸಿ, ಓಣಿಯ ಮಕ್ಕಳನ್ನು ಊರಾಚೆಯ ಸಾಲಿಗೆ ಬಿಡುವ ಕೆಲಸ ಹಿಡಿದ.

ಅವನಂಥ ಡ್ರೈವರನನ್ನು ನಾನು ಕಂಡಿಲ್ಲ. ಮಗುವನ್ನು ಇಳಿಸಿದ ಮೇಲೆ ಅದು ಮನೆಯ ಹೊಸ್ತಿಲು ದಾಟುವ ತನಕ ಗೇರು ಹಾಕುತ್ತಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಕನ್ನಡಿಯನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತಿದ್ದ. ಹೊರಗಿನ ಕನ್ನಡಿಗಿಂತ ಒಳಗಿನ ಕನ್ನಡಿಯ ಮೇಲೆ ಅವನಿಗೆ ಹೆಚ್ಚು ಕಾಳಜಿ. ಯಾಕೆಂದು ನನಗೆ ಮೆಲ್ಲನೆ ತಿಳಿಯಿತು. ಅವನು ಆ ಕನ್ನಡಿಯಲ್ಲಿ ಮಕ್ಕಳ ತುಟಿ ನೋಡುತ್ತಿದ್ದ. ಮಗ್ಗದ ಸದ್ದು ಅವನ ಕಿವಿಯನ್ನು ತಿಂದುಹಾಕಿತ್ತು. ಹತ್ತಿರದ ಹಾರ್ನು, ಬಾಗಿಲು ಬಡಿದದ್ದು ಇಂಥವು ಮಾತ್ರ ಅಲ್ಪಸ್ವಲ್ಪ ಕೇಳುತ್ತಿದ್ದವು. ತಿಳಿಯದ ಮಾತಿಗೆಲ್ಲ ಅವನದು ಒಂದೇ ಉತ್ತರ: ನಕ್ಕು, "ಹೂಂ, ಹೂಂ" ಎನ್ನುವುದು. ಮಕ್ಕಳು ಅದನ್ನು ಪ್ರೀತಿ ಎಂದುಕೊಂಡಿದ್ದರು. ಪ್ರೀತಿಯೂ ಇತ್ತು. ಆದರೆ ಕಿವಿಯ ಸಂಗತಿ ಬನವ್ವನ ಹೊರತು ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಮಳೆ ಜೋರಾಗಿ, ರೈಲು ಹಳಿಯ ಕೆಳಗಿನ ದಾರಿಯಲ್ಲಿ ನೀರು ನಿಂತಿತ್ತು. ಒಂದು ವಾರ ದಿನವೂ ಅದರಲ್ಲೇ ಹಾದುಹೋದೆವು. ಕೆಸರುನೀರು ನನ್ನ ಬಲಗಡೆಯ ಮುಂಗಾಲಿಯೊಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಟ್ಟಿತು. ಉಕ್ಕಿನ ಗುಂಡುಗಳಿಗೆ ಮೊದಲು ತುಕ್ಕು ಹಿಡಿಯಿತು, ಆಮೇಲೆ ಕಜ್ಜಿ ಬಿದ್ದಂತೆ ಮೈ ಕಿತ್ತುಬಂತು. ದಸರೆ ರಜೆ ಮುಗಿಯುವ ಹೊತ್ತಿಗೆ ನಾನು ಸದ್ದು ಮಾಡತೊಡಗಿದೆ. ನಿಂತಾಗ ಏನೂ ಇಲ್ಲ. ಸಾವಕಾಶ ಹೋದಾಗಲೂ ಇಲ್ಲ. ವೇಗ ಹಿಡಿದರೆ ಸಾಕು, ಕೆಳಗಿನಿಂದ "ಗುಂಯ್" ಎಂದು ಏಳುತ್ತಿತ್ತು, ದುಂಬಿಯೊಂದು ಡಬ್ಬಿಯಲ್ಲಿ ಸಿಕ್ಕಿಬಿದ್ದ ಹಾಗೆ.

ಮಕ್ಕಳಿಗೆ ಅದು ಆಟವಾಯಿತು. ಹೆದ್ದಾರಿ ಮುಟ್ಟಿದೊಡನೆ ಎಲ್ಲರೂ ಬಾಯಿ ಮುಚ್ಚಿಕೊಂಡು ನನ್ನ ಜೊತೆ "ಗುಂಯ್..." ಎನ್ನುತ್ತಿದ್ದರು. ಕನ್ನಡಿಯಲ್ಲಿ ನೀಲಕಂಠಪ್ಪನಿಗೆ ಮುಚ್ಚಿದ ತುಟಿಗಳು ಕಾಣುತ್ತಿದ್ದವು. ಇವತ್ತು ಮಕ್ಕಳು ಎಷ್ಟು ಸುಮ್ಮನಿದ್ದಾರೆ ಎಂದು ಅವನು ಸಂತೋಷಪಡುತ್ತಿದ್ದ. ಮೂರನೇ ಇಯತ್ತೆಯ ತನುಜಾ ಒಂದು ದಿನ ಮುಂದೆ ಬಾಗಿ, "ಕಾಕಾ, ಗಾಡಿ ಯಾಕ ಗುಂಯ್ ಅಂತೈತಿ?" ಎಂದು ಕೇಳಿದಳು.

"ಹೂಂ, ಹೂಂ," ಎಂದು ನಕ್ಕ ನೀಲಕಂಠಪ್ಪ.

ತನುಜಾಳ ತಾಯಿ ರೇಣುಕಾ ಹೊಲಿಗೆ ಕ್ಲಾಸು ನಡೆಸುವವಳು. ಸಾಲಿಯಲ್ಲಿ ಪಾಲಕರ ಸಭೆಯಿದ್ದ ದಿನ ಅವಳೂ ನನ್ನಲ್ಲಿ ಮುಂದಿನ ಸೀಟಿನಲ್ಲಿ ಕೂತಳು. ಹೆದ್ದಾರಿಯಲ್ಲಿ ಅವಳ ಹುಬ್ಬು ಗಂಟಾಯಿತು. ನೀಲಕಂಠಪ್ಪನ ಕಡೆ ತಿರುಗಿ, "ಅಲ್ರೀ, ಏನೋ ಸಪ್ಪಳ ಬರಾಕತ್ತೈತಲ್ಲ? ಏನದು?" ಎಂದಳು. ಮುಖ ಎದುರಿಗಿತ್ತು, ಮಾತು ತಿಳಿಯಿತು. ಅವನ ಕಾಲು ಆಕ್ಸಲರೇಟರಿನ ಮೇಲೆ ನಡುಗಿದ್ದು ನನಗೆ ಗೊತ್ತಾಯಿತು.

"ಟೈರ್ ಹೊಸಾವು ಅದಾವ್ರೀ ಅಕ್ಕಾರ. ಹೊಸದಾಗಿ ಹಂಗ ಬರತೈತಿ."

ನನ್ನ ಟೈರುಗಳು ಹೊಸವಾಗಿರಲಿಲ್ಲ. ರೇಣುಕಾ ನಂಬಿದಳು. ದಿನವೂ ತನ್ನ ಮಗಳನ್ನು ಒಪ್ಪಿಸುವ ಮನುಷ್ಯನನ್ನು ನಂಬದೆ ಇನ್ನೇನು ಮಾಡಿಯಾಳು?

ಅವತ್ತು ಮಕ್ಕಳನ್ನು ಬಿಟ್ಟ ಮೇಲೆ ನೀಲಕಂಠಪ್ಪ ನನ್ನನ್ನು ಖಾಲಿ ರಸ್ತೆಯೊಂದಕ್ಕೆ ಹೊಡೆದ. ಕಿಟಕಿಗಳನ್ನೆಲ್ಲ ಏರಿಸಿದ. ವೇಗ ಹೆಚ್ಚಿಸಿ, ತಲೆಯನ್ನು ಒಮ್ಮೆ ಬಾಗಿಲಿಗೆ, ಒಮ್ಮೆ ಸ್ಟೇರಿಂಗಿಗೆ ತಾಗಿಸಿದ. ನಾನು ಕೂಗುತ್ತಲೇ ಇದ್ದೆ. ಅವನಿಗೆ ಕೇಳಿದ್ದು ಎಂದೋ ಮುಚ್ಚಿಹೋದ ಆ ಶೆಡ್ಡಿನ ಮಗ್ಗಗಳ ಅಬ್ಬರ ಮಾತ್ರ. ಅದು ತನ್ನ ಕಿವಿಯೊಳಗೆ ಹಗಲೂ ರಾತ್ರಿಯೂ ನಡೆಯುತ್ತಿರುತ್ತದೆ ಎಂದು ಅವನು ಬನವ್ವನಿಗೆ ಹೇಳಿದ್ದನ್ನು ನಾನು ಕೇಳಿದ್ದೆ.

ಅಲ್ಲಿಂದ ದಾದಾಪೀರನ ಗ್ಯಾರೇಜಿಗೆ ಹೋದ. "ಎಂಥಾ ಸಪ್ಪಳ? ಓಡುವಾಗ ಬರತೈತೋ, ನಿಂತಾಗೋ? ತಿರುಗಿಸಿದ್ರ ಹೆಚ್ಚಾಗತೈತೇನು?" ಎಂದು ದಾದಾಪೀರ ಕೇಳಿದ. "ಬರತೈತಿ, ಒಟ್ಟ ಬರತೈತಿ" ಎಂದ ನೀಲಕಂಠಪ್ಪ. ದಾದಾಪೀರ ಎಂಜಿನ್ನು ಚಾಲೂ ಮಾಡಿ ಕಿವಿಗೊಟ್ಟ. ನಿಂತ ಗಾಡಿಯಲ್ಲಿ ನನ್ನ ಸದ್ದು ಎಲ್ಲಿಂದ ಬರಬೇಕು? ಬೆಲ್ಟು ಬಿಗಿಮಾಡಿ, "ಮತ್ತ ಬಂದ್ರ ಹೇಳು, ಒಂದು ಸುತ್ತು ಹೋಗಿ ನೋಡೋಣು" ಎಂದ. ಈಗಲೇ ಹೋಗೋಣ ಬಾ ಎನ್ನಲು ನೀಲಕಂಠಪ್ಪನ ಬಾಯಿ ಬರಲಿಲ್ಲ. ಜೊತೆಗೆ ಬಂದವನು "ಕೇಳಿತಲ್ಲ?" ಎಂದು ಕೇಳಿದರೆ ಏನು ಹೇಳುವುದು?

ಊಟ ಸೇರದೆ ಅವನು ಸೊರಗತೊಡಗಿದ. ಕೊನೆಗೆ ಬನವ್ವನೇ ಬಾಯಿ ಬಿಡಿಸಿದಳು. ಭಾನುವಾರ ಮಧ್ಯಾಹ್ನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದಿನ ಸೀಟಿನಲ್ಲಿ ಬಂದು ಕೂತಳು. ಅವಳಿಗೆ ಕಿವಿ ಚೆನ್ನಾಗಿತ್ತು. ಗಾಡಿಯ ಗಂಧಗಾಳಿ ಗೊತ್ತಿರಲಿಲ್ಲ.

"ನನಗ ಗಾಡೀದು ತಿಳಿಯಂಗಿಲ್ಲ. ಸಪ್ಪಳ ಹೆಚ್ಚಾದ್ರ ಕೈ ಮ್ಯಾಲ ಎತ್ತತೀನಿ, ಕಡಿಮಿ ಆದ್ರ ಇಳಸ್ತೀನಿ. ಉಳಿದದ್ದು ನೀವ ನೋಡ್ಕೊಳ್ರಿ."

ಸಂತೆಯಿಲ್ಲದ ದಿನ ಎಪಿಎಂಸಿ ಯಾರ್ಡಿನ ಅಗಲ ರಸ್ತೆ ಬಿಕೋ ಎನ್ನುತ್ತಿತ್ತು. ನೀಲಕಂಠಪ್ಪ ವೇಗ ಹಿಡಿದ. ಬನವ್ವನ ಅಂಗೈ ಮಡಿಲಿನಿಂದ ಎದೆಯವರೆಗೆ ಎದ್ದಿತು. ಅವನು ಗೇರು ತೆಗೆದು ನನ್ನನ್ನು ಸುಮ್ಮನೆ ಉರುಳಲು ಬಿಟ್ಟ. ಎಂಜಿನ್ನಿನ ಸದ್ದು ತಗ್ಗಿದರೂ ಅವಳ ಕೈ ಎದೆಯ ಹತ್ತಿರವೇ ನಿಂತಿತ್ತು. "ಎಂಜಿನ್ನಿಂದಲ್ಲ," ಎಂದ ಅವನು. ಕಾಂಕ್ರೀಟು ಬಿಟ್ಟು ಡಾಂಬರಿಗೆ ಬಂದರು. ನೆಲ ಬದಲಾದರೂ ಕೈ ಕದಲಲಿಲ್ಲ. "ಟೈರಿಂದೂ ಅಲ್ಲ." ಆಮೇಲೆ ಹಾವು ಹರಿದ ಹಾಗೆ ನನ್ನನ್ನು ಎಡಕ್ಕೂ ಬಲಕ್ಕೂ ಹೊರಳಿಸಿದ. ಬಲಕ್ಕೆ ಹೊರಳಿದಾಗ ಕೈ ಇಳಿಯಿತು. ಎಡಕ್ಕೆ ಹೊರಳಿ ನನ್ನ ಭಾರವೆಲ್ಲ ಬಲಗಾಲಿಯ ಮೇಲೆ ಬಿದ್ದಾಗ ಕೈ ಕಣ್ಣಿನವರೆಗೂ ಎದ್ದಿತು. ಮತ್ತೊಮ್ಮೆ ಹೊರಳಿಸಿದ. ಮತ್ತೆ ಎದ್ದಿತು.

"ಎಲ್ಲಿಂದ?"

ಬನವ್ವ ಅವನ ಕಾಲ ಕೆಳಗೆ ಬೊಟ್ಟು ಮಾಡಿದಳು.

ಅವನು ಇಳಿದು ಜಾಕು ಕೊಟ್ಟು ಬಲಗಾಲಿಯನ್ನು ನೆಲದಿಂದ ಎತ್ತಿದ. ಒಂದು ಕೈಯಿಂದ ಗಾಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಒಳಗಿನ ಸ್ಪ್ರಿಂಗಿನ ಮೇಲಿಟ್ಟ. ಮಗ್ಗ ಎಲ್ಲಿ ಕೆಟ್ಟಿದೆ ಎಂದು ಅದರ ಚೌಕಟ್ಟು ಮುಟ್ಟಿ ಹೇಳುತ್ತಿದ್ದ ಕೈ ಅದು. ನನ್ನೊಳಗೆ ಕಿತ್ತುಹೋದ ಗುಂಡುಗಳು ಮರಳು ಅರೆದಂತೆ ಅರೆಯುತ್ತಿದ್ದುದು ಅವನ ಬೆರಳಿಗೆ ತಾಕಿತು. ಬೆರಳುಗಳು ಅಲ್ಲೇ ನಿಂತವು. ಇಷ್ಟು ದಿನದ ಮೇಲೆ ನನ್ನ ನೋವು ಒಬ್ಬರಿಗೆ ತಿಳಿಯಿತಲ್ಲ ಎಂದು ನನಗೆ ಸಮಾಧಾನವಾಯಿತು.

"ಬೇರಿಂಗ್ ಹೋಗೇತಿ. ಇಷ್ಟು ದಿನ ಇದರ ಮ್ಯಾಲ ಮಕ್ಕಳನ್ನ ಒಯ್ದೀನಿ, ಬನವ್ವ."

"ಗಾಡೀದು ಸಿಕ್ತು. ನಿಮ್ಮ ಕಿವೀದು ಏನ್ ಮಾಡ್ತೀರಿ?"

ಅವನು ಗಾಲಿಯ ಕಡೆ ತಿರುಗಿಕೊಂಡ. ಅವಳ ತುಟಿ ಕಾಣದಿದ್ದರೆ ಮಾತು ಮುಗಿದ ಹಾಗೆ. ಬನವ್ವ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ನಾಳೆ ಗಾಡಿ ಹೊರಗ ತೆಗೀಬ್ಯಾಡ್ರಿ."

"ಇವತ್ತು ಅಂಗಡಿ ಮುಚ್ಚ್ಯಾವು. ನಾಳೆ ಮಕ್ಕಳ ಪರೀಕ್ಷಾ ಐತಿ. ಸಾವಕಾಶ ಹೋಗಿ ಬಿಟ್ಟು, ಹಂಗ ಗ್ಯಾರೇಜಿಗೆ ಹೋಗ್ತೀನಿ."

"ಬ್ಯಾರೆ ಗಾಡಿ ಕೇಳ್ರಿ."

"ಕೇಳಿದ್ರ ಯಾಕಂತಾರ. ಇಷ್ಟು ದಿನ ಗೊತ್ತಾಗಲಿಲ್ಲೇನು ಅಂತಾರ. ಏನ್ ಹೇಳ್ಲಿ?"

ಸೋಮವಾರ ಮಕ್ಕಳನ್ನು ಹತ್ತಿಸಿಕೊಂಡು ಹೊರಟೆವು. ಅವನು ಎಂದಿಗಿಂತ ನಿಧಾನವಾಗಿಯೇ ಓಡಿಸಿದ. ಆದರೆ ನನ್ನ ಬಲಗಾಲಿಯಲ್ಲಿ ತ್ರಾಣ ಉಳಿದಿರಲಿಲ್ಲ. ಹೆದ್ದಾರಿಗೆ ಬಂದೊಡನೆ ಗುಂಯ್ ಎನ್ನುವುದು ಹೋಗಿ ಕರಕರ ಶುರುವಾಯಿತು. ಬೇರಿಂಗು ಕಾದು ಕೆಂಪಾಯಿತು. ಅಳಿದುಳಿದ ಗ್ರೀಸು ಸುಟ್ಟು ಹೊಗೆ ಒಳಗೆ ಬಂತು. "ಕಾಕಾ, ನಿಂದ್ರಸ್ರಿ! ಕಾಕಾ!" ಎಂದು ಮಕ್ಕಳು ಒಟ್ಟಿಗೆ ಕಿರುಚಿದರು. ನೀಲಕಂಠಪ್ಪನ ಕಣ್ಣು ರಸ್ತೆಯ ಮೇಲಿತ್ತು. ಎದುರಿಗೆ ಲಾರಿಯೊಂದು ಬರುತ್ತಿದ್ದುದರಿಂದ ಕನ್ನಡಿ ನೋಡಲಿಲ್ಲ. ಅವರು ಮತ್ತೆ ಕಿರುಚಿದರು. ಒಂದು ಮಗು ಅಳತೊಡಗಿತು. ಅವನು ತಿರುಗಲಿಲ್ಲ. ನಾನು ಬಲಕ್ಕೆ, ಆ ಲಾರಿಯ ಕಡೆಗೆ, ಎಳೆಯತೊಡಗಿದೆ. ಆಗ ತನುಜಾ ಬೆಂಚಿನ ಮೇಲೆ ನಿಂತು ಎರಡೂ ಕೈಗಳಿಂದ ಅವನ ಅಂಗಿಯ ಕಾಲರನ್ನು ಹಿಡಿದು ಜಗ್ಗಿದಳು.

ಅವನು ಬೆಚ್ಚಿ ಬ್ರೇಕು ಒತ್ತಿ, ಬಲವೆಲ್ಲ ಹಾಕಿ ಸ್ಟೇರಿಂಗು ಎಡಕ್ಕೆ ತಿರುಗಿಸಿದ. ಲಾರಿ ನನ್ನ ಹೊರಗಿನ ಕನ್ನಡಿಯನ್ನು ಮುರಿದುಕೊಂಡು ಹೋಯಿತು. ನಾನು ರಸ್ತೆ ಬದಿಯ ಮಣ್ಣಿನಲ್ಲಿ ಒಂದು ಮಗ್ಗುಲಿಗೆ ಕುಸಿದು ನಿಂತೆ. ಬಲಗಾಲಿ ಬುಡದಲ್ಲಿ ಸೊಟ್ಟಗಾಗಿ ಹೊಗೆಯಾಡುತ್ತಿತ್ತು.

ಯಾರಿಗೂ ಪೆಟ್ಟಾಗಿರಲಿಲ್ಲ. ನೀಲಕಂಠಪ್ಪ ಒಬ್ಬೊಬ್ಬರನ್ನೇ ಎತ್ತಿ ಇಳಿಸಿ, ತಲೆ, ಕೈ, ಕಾಲು ಮುಟ್ಟಿ ನೋಡಿದ. ತನುಜಾ ಮಾತ್ರ ದೂರ ನಿಂತಳು. "ನಾವು ಅಷ್ಟು ಒದರಿದ್ವಿ. ನೀವು ಹೊಳ್ಳಿ ನೋಡಲೇ ಇಲ್ಲ, ಕಾಕಾ."

ಆ ಮಾತಿಗೆ ಅವನು "ಹೂಂ" ಎನ್ನಲಿಲ್ಲ. ಮಣ್ಣಿನಲ್ಲೇ ಮೊಣಕಾಲೂರಿ ಅವಳ ಮುಖದ ಎತ್ತರಕ್ಕೆ ಕೂತ. "ನನಗ ಕೇಳಸಲಿಲ್ಲವ್ವಾ. ನನಗ ಕಿವಿ ಕೇಳಸಂಗಿಲ್ಲ."

ಹತ್ತಿರದ ಚಹದಂಗಡಿಯವನಿಂದ ಅವನೇ ರೇಣುಕಾಗೆ ಫೋನು ಮಾಡಿಸಿದ. ಅವಳು ಆಟೋದಲ್ಲಿ ಓಡಿಬಂದಳು. ಮಗಳನ್ನು ಅಪ್ಪಿಕೊಂಡು ಅವನ ಮಾತನ್ನೆಲ್ಲ ಕೇಳಿದಳು.

"ಟೈರ್ ಅಂದ್ರಲ್ರೀ ನನಗ! ನನ್ನ ಮುಖ ನೋಡಿ ಟೈರ್ ಅಂದ್ರಿ!"

"ಸುಳ್ಳು ಹೇಳಿದ್ನಿ, ಅಕ್ಕಾರ."

ಅವಳು ಎಲ್ಲ ಮಕ್ಕಳನ್ನೂ ಆಟೋಗಳಲ್ಲಿ ಹತ್ತಿಸಿ ಪರೀಕ್ಷೆಗೆ ಕರೆದುಕೊಂಡು ಹೋದಳು. ಆ ಸಂಜೆ ನೀಲಕಂಠಪ್ಪ ಬನವ್ವನ ಜೊತೆ ಪ್ರತಿ ಮಗುವಿನ ಮನೆಗೂ ಹೋಗಿ, ಬಾಗಿಲಲ್ಲಿ ನಿಂತೇ ನಡೆದದ್ದನ್ನು ಹೇಳಿಬಂದನಂತೆ. ಕೆಲವರು ಬೈದರು. ಒಬ್ಬ ಅಜ್ಜ, "ಗಾಡಿ ರಿಪೇರಿ ಆದ ಮ್ಯಾಲ ಮತ್ತ ಬಾರಪ್ಪಾ, ನಿನ್ನಂಗ ನೋಡ್ಕೊಳ್ಳಾವರು ಯಾರದಾರ?" ಎಂದನಂತೆ. ಆ ಮಾತಿಗೇ ನೀಲಕಂಠಪ್ಪ ಅತ್ತನೆಂದು ಬನವ್ವ ಮರುದಿನ ಗ್ಯಾರೇಜಿನಲ್ಲಿ ದಾದಾಪೀರನಿಗೆ ಹೇಳುತ್ತಿದ್ದಳು. ಆದರೆ ಅವನು ಮತ್ತೆ ಮಕ್ಕಳನ್ನು ಹತ್ತಿಸಲಿಲ್ಲ. ಕೈಮಗ್ಗದ ಸಂಘವೊಂದರಲ್ಲಿ ಕೆಲಸ ಹುಡುಕಿಕೊಂಡ. ಓಣಿಯಲ್ಲಿ ಎದುರಾದರೆ ರೇಣುಕಾ ಬಹಳ ದಿನ ಮುಖ ತಿರುಗಿಸಿಯೇ ಹೋದಳು. ಅದನ್ನು ಅವನು ತಪ್ಪೆಂದು ಎಣಿಸಲಿಲ್ಲ.

ಹೊಸ ಬೇರಿಂಗು, ಹೊಸ ಕನ್ನಡಿ ಹಾಕಿಸಿಕೊಂಡು ನಾನು ಮಾರಾಟಕ್ಕೆ ನಿಂತೆ. ತರಕಾರಿ ವ್ಯಾಪಾರದವನೊಬ್ಬ ನೋಡಲು ಬಂದು, ಬಾಗಿಲು ತೆಗೆದು ಹಾಕಿ ಮಾಡಿ, ಕೊನೆಗೆ ಕೇಳಿದ: "ಓಡುವಾಗ ಏನಾರ ಸಪ್ಪಳ ಐತೇನ್ರಿ?"

ನೀಲಕಂಠಪ್ಪ ಅವನ ಕಣ್ಣಲ್ಲಿ ಕಣ್ಣಿಟ್ಟು, ಓಣಿಯವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ: "ಅದನ್ನ ನನ್ನ ಕೇಳಬ್ಯಾಡ್ರಿ. ನಾ ಕಿವುಡ. ನಿಮ್ಮವರ‍್ಯಾರನ್ನಾರ ಕೂಡಿಸಿಕೊಂಡು ಎರಡು ಸುತ್ತು ಹೊಡದ ನೋಡ್ರಿ."

ಆ ವ್ಯಾಪಾರಿ ನನ್ನನ್ನು ದಣಿಯುವಷ್ಟು ದುಡಿಸಿದ. ಈಗ ಹಿಟ್ಟಿನ ಗಿರಣಿಯ ಹಿಂದೆ, ಗಾಲಿಗಳಿಲ್ಲದೆ, ಕಲ್ಲುಗಳ ಮೇಲೆ ಕೂತಿದ್ದೇನೆ. ನನ್ನೊಳಗೆ ಹಳೆಯ ಚೀಲ ತುಂಬಿದ್ದಾರೆ. ಅವುಗಳ ಮೇಲೆ ಒಂದು ನಾಯಿ ಮರಿ ಹಾಕಿದೆ. ಬೇಕಾದಷ್ಟು ಹೊತ್ತು ಯೋಚಿಸುತ್ತೇನೆ. ನನ್ನಂಥ ಗಾಡಿಗೆ ತನ್ನ ನೋವನ್ನು ಮುಚ್ಚಿಡಲು ಬರುವುದಿಲ್ಲ. ಎಲ್ಲಿ ಸವೆದಿದೆಯೋ ಅಲ್ಲಿ ಸದ್ದಾಗಿಯೇ ತೀರುತ್ತದೆ. ಮುಚ್ಚಿಡುವ ವಿದ್ಯೆ ಮನುಷ್ಯರಿಗೆ ಮಾತ್ರ ಬರುತ್ತದೆ. ಅದಕ್ಕಾಗಿ ಒಬ್ಬ ಒಳ್ಳೆಯ ಮನುಷ್ಯ ದಿನವೂ ಎಷ್ಟು ನಡುಗುತ್ತಿದ್ದ ಎನ್ನುವುದನ್ನು ಅವನ ಕಾಲ ಕೆಳಗಿದ್ದ ನಾನು ಬಲ್ಲೆ.